ಆರ್‌ಸಿ ಕಾರಿನ ಲಿಪೋ ಬ್ಯಾಟರಿ ಉಬ್ಬಬಾರದಂದ್ರ
ಹೊಸದಾಗಿ ಆರ್‌ಸಿ ಕಾರ್ (ರಿಮೋಟ್‌ಲೆ ಓಡಸೂ ಸಣ್ಣ ಕಾರ್) ತಗೊಂಡೋರು ಸ್ವಲ್ಪ ಇಲ್ಲಿ ನೋಡ್ರಿ, ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತಗೊಳ್ಳೋಮುಂದ ಬರೇ ಎಂಎಎಚ್ (ಎಷ್ಟು ಚಾರ್ಜ್ ಹಿಡಿತೈತಿ ಅನ್ನೋ ಅಂಕಿ) ನೋಡಿ ಮರುಳಾಗಬ್ಯಾಡ್ರಿ, ಮೊದಲ ನಿಮ್ಮ ಇಎಸ್‌ಸಿ (ಮೋಟರಿನ ವೇಗ ಹಿಡಿತದಾಗ ಇಡೂ ಸರ್ಕ್ಯೂಟ್) 2ಎಸ್ (ಎರಡ ಸೆಲ್ಲಿನ ಬ್ಯಾಟರಿ) ತಡಿತೈತೋ 3ಎಸ್ (ಮೂರು ಸೆಲ್ಲಿಂದು) ತಡಿತೈತೋ ನೋಡ್ರಿ, ಆಮ್ಯಾಲ ಕಾರಿನಾಗ ಬ್ಯಾಟರಿ ಕೂಡೂ ಟ್ರೇ ಅಳತಿ. ಚಾರ್ಜ್ 1ಸಿ ಸಾಕು, ಅಂದ್ರ 5000 ಎಂಎಎಚ್ ಪ್ಯಾಕಿಗೆ 5 ಆಂಪ್, ಬ್ಯಾಲನ್ಸ್ ವೈರ್ (ಎಲ್ಲಾ ಸೆಲ್ ಸಮ ತುಂಬೂವಂಗ ನೋಡೂ ಸಣ್ಣ ವೈರ್) ಹಚ್ಚೇ ಮಾಡ್ರಿ, ಒಂದೊಂದು ಸೆಲ್ 4.2 ವೋಲ್ಟ್ ದಾಟಬಾರ್ದು. ನಮ್ಮ ವಿಜಯಪುರದ ಬಿಸಲಾಗ ಓಡಿಸಿದ ಕೂಡ್ಲೆ ಚಾರ್ಜಿಗೆ ಹಾಕಬ್ಯಾಡ್ರಿ, ಮುಟ್ಟಿದ್ರ ತಣ್ಣಗ ಆಗೂತನಕ ನೆರಳಾಗ ಬಿಡ್ರಿ. ನಾ ಹೋದ ವರ್ಷ ಎಪ್ರಿಲ್‌ದಾಗ ಫುಲ್ ಚಾರ್ಜ್ ಮಾಡಿದ್ದನ್ನ ಸ್ಕೂಟರ್ ಡಿಕ್ಕಿಯೊಳಗ ಎರಡ ದಿನ ಮರತಿದ್ದೆ, ತಗದು ನೋಡಿದ್ರ ಪೂರಿ ಉಬ್ಬಿದಂಗ ಉಬ್ಬಿತ್ತು, ರೊಕ್ಕ ನೀರಾಗ ಹೋತು. ಓಡಸೂದಿಲ್ಲಂದ್ರ ಚಾರ್ಜರಿನಾಗ ಸ್ಟೋರೇಜ್ ಮೋಡ್ ಹಾಕಿ ಸೆಲ್ಲಿಗೆ 3.8 ವೋಲ್ಟಿನ ಆಸುಪಾಸು ಇಡ್ರಿ. ಉಬ್ಬಿದ್ದಕ್ಕ ಮತ್ತ ಚಾರ್ಜ್ ಹಚ್ಚೂದು ಬ್ಯಾಡೇ ಬ್ಯಾಡ, ಬೆಂಕಿ ಹತ್ತತೈತಿ.