ಗೀಸರ್ ಒಳಗಿನ ರಾಡ್ ನೋಡಿ ಎಷ್ಟು ವರ್ಷವಾಯಿತು?

ಅಕ್ಕನ ಮನೆಯ ಗೀಸರ್ ನಾಲ್ಕೇ ವರ್ಷಕ್ಕೆ ತೂತು ಬಿತ್ತು. ಬಚ್ಚಲ ಗೋಡೆ ಮೇಲೆ ಕೆಂಪು ನೀರಿನ ಗೆರೆ, ಕೆಳಗಿನ ಬಿಳಿ ಟೈಲ್ಸ್ ಮೇಲೆ ತುಕ್ಕಿನ ಕಲೆ. ಪ್ರತಿ ವರ್ಷ ತಪ್ಪದೆ ಸರ್ವಿಸ್ ಮಾಡಿಸಿದ್ದಳು. ಬಂದವರು ಕಾಯಿಲ್ ಮೇಲಿನ ಸುಣ್ಣ ಕೆರೆದು, ದುಡ್ಡು ತಗೊಂಡು ಹೋಗಿದ್ದರು, ಅಷ್ಟೆ. ಬಿಚ್ಚಿ ನೋಡಿದರೆ ಮೆಗ್ನೀಷಿಯಂ ರಾಡ್ ಇರಬೇಕಾದ ಜಾಗದಲ್ಲಿ ಕಡ್ಡಿಯಂಥ ತಂತಿ ಮಾತ್ರ ಉಳಿದಿತ್ತು. ಅದಾದ ಮೇಲೆ ಎಷ್ಟೋ ಮನೆಗಳಲ್ಲಿ ಇದೇ ಕಥೆ ನೋಡಿದ್ದೇನೆ.

10, 15, 25 ಲೀಟರಿನ ಗೀಸರ್‌ಗಳಲ್ಲಿ ಒಳಗಿನ ಟ್ಯಾಂಕ್ ಹೆಚ್ಚಾಗಿ ಕಬ್ಬಿಣದ ತಗಡು, ಅದಕ್ಕೆ ಗಾಜಿನಂಥ ಲೇಪ. ಆ ಲೇಪದಲ್ಲಿ ಸೂಜಿ ಮೊನೆಯಷ್ಟು ಬಿರುಕು ಇದ್ದರೂ ಬಿಸಿನೀರು ಅಲ್ಲಿಂದ ಕಬ್ಬಿಣವನ್ನು ತಿನ್ನಲು ಶುರು ಮಾಡುತ್ತದೆ. ಅದಕ್ಕೇ ಒಳಗೊಂದು ಮೆಗ್ನೀಷಿಯಂ ರಾಡ್ ಇಟ್ಟಿರುತ್ತಾರೆ. ಕಬ್ಬಿಣಕ್ಕಿಂತ ಮೆಗ್ನೀಷಿಯಂ ನೀರಿನಲ್ಲಿ ಬೇಗ ಸವೆಯುವ ಲೋಹ. ಎರಡೂ ಒಂದಕ್ಕೊಂದು ತಾಗಿಕೊಂಡು ಒಂದೇ ನೀರಿನಲ್ಲಿದ್ದರೆ ಮೊದಲು ಸವೆಯುವುದು ಮೆಗ್ನೀಷಿಯಂ, ಕಬ್ಬಿಣ ಉಳಿಯುತ್ತದೆ. 1824ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಹಡಗಿನ ತಾಮ್ರದ ತಗಡು ಉಳಿಸಲು ಬಳಸಿದ್ದೂ ಇದೇ ಉಪಾಯ. ರಾಡ್ ಪೂರ್ತಿ ಸವೆದ ಮೇಲೆ ನೀರಿಗೆ ಸಿಗುವುದು ಟ್ಯಾಂಕೇ.

ಬಿಚ್ಚುವ ಮುಂಚೆ ವಾರಂಟಿ ನೋಡಿ. ಇನ್ನೂ ಇದ್ದರೆ ಕಂಪನಿಯವರಿಂದಲೇ ಮಾಡಿಸಿ, ಆದರೆ ಪಕ್ಕದಲ್ಲೇ ನಿಂತು ರಾಡ್ ತೆಗೆಸಿ ಕಣ್ಣಾರೆ ನೋಡಿ. ಕರೆಂಟ್ ಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್‌ಗೆ ಹೇಳಿ. ಇದರಲ್ಲಿ ಧೈರ್ಯ ಮಾಡುವುದು ಬೇಡ.

ಮೊದಲು ಕರೆಂಟ್. ಸ್ವಿಚ್ ಆಫ್ ಮಾಡಿದರೆ ಸಾಲದು, ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಎಂಸಿಬಿಯನ್ನೇ ಇಳಿಸಿ. ಹಿಂದಿನ ರಾತ್ರಿಯೇ ಇಳಿಸಿಟ್ಟರೆ ಬೆಳಿಗ್ಗೆ ನೀರೂ ತಣ್ಣಗಾಗಿರುತ್ತದೆ.

ಎರಡನೆಯದು ನೀರು ಖಾಲಿ ಮಾಡುವುದು. ಬಿಸಿನೀರಿನ ನಲ್ಲಿ ತಿರುಗಿಸಿ, ನೀರು ನಿಂತ ಕೂಡಲೇ ಖಾಲಿ ಆಯ್ತು ಅಂದುಕೊಳ್ಳುತ್ತಾರೆ. ಆಗಿರುವುದಿಲ್ಲ. ಗೋಡೆಗೆ ನೆಟ್ಟಗೆ ನೇತುಹಾಕಿದ ಗೀಸರ್‌ನಲ್ಲಿ ಬಿಸಿನೀರು ಹೊರಡುವುದು ಟ್ಯಾಂಕಿನ ಮೇಲ್ಭಾಗದಿಂದ, ಹಾಗಾಗಿ ಟ್ಯಾಂಕ್ ತುಂಬಿಯೇ ಇರುತ್ತದೆ. ತಣ್ಣೀರು ಬರುವ ಆಂಗಲ್ ಕಾಕ್ ಮುಚ್ಚಿ, ಆ ಕಡೆಯ ಪೈಪನ್ನೂ ಅದರ ಮೇಲಿನ ವಾಲ್ವನ್ನೂ ಬಿಚ್ಚಿ (ವಾಲ್ವ್ ಇದ್ದರೆ ನೀರನ್ನು ವಾಪಸ್ ಬಿಡುವುದಿಲ್ಲ), ಬಿಸಿನೀರಿನ ನಲ್ಲಿ ತೆರೆದಿಡಿ. ಗಾಳಿ ಒಳಗೆ ಹೋಗಬೇಕು, ಆಗಲೇ ನೀರು ಇಳಿಯುವುದು. ಎರಡು ಬಕೆಟ್ ಇಟ್ಟುಕೊಳ್ಳಿ.

ಈಗ ಕೆಳಗಿನ ಮುಚ್ಚಳ ತೆಗೆದು ವೈರ್‌ಗಳ ಫೋಟೋ ಹೊಡೆದುಕೊಳ್ಳಿ, ಆಮೇಲೆ ವೈರ್ ಬಿಡಿಸಿ ನಟ್ ಬಿಚ್ಚಿ. ಕಾಯಿಲ್ ಇರುವ ತಟ್ಟೆ ಸುಣ್ಣಕ್ಕೆ ಕಚ್ಚಿಕೊಂಡಿದ್ದರೆ ಅಲ್ಲಾಡಿಸುತ್ತಾ ನಿಧಾನವಾಗಿ ಇಳಿಸಿ. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಗಾಜಿನ ಲೇಪ ಚಕ್ಕೆ ಎದ್ದರೆ ಅದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರಿನ ಮನೆಗಳಲ್ಲಿ ತಟ್ಟೆ ಇಳಿಸಿದ ಕೂಡಲೇ ಮೊಟ್ಟೆ ಚಿಪ್ಪಿನಂಥ ಬಿಳಿ ಚಕ್ಕೆ ಬೊಗಸೆಗಟ್ಟಲೆ ಉದುರುತ್ತದೆ.

ಮುಖ್ಯ ಕೆಲಸ ಇನ್ನು ಮೇಲೆ. ರಾಡ್ ಗೆದ್ದಲು ತಿಂದ ಕಟ್ಟಿಗೆಯ ಹಾಗೆ ಗುಳಿ ಗುಳಿಯಾಗಿದೆಯಾ? ಒಳ್ಳೆಯದು, ಅದು ಕೆಲಸ ಮಾಡಿದೆ. ಅರ್ಧಕ್ಕಿಂತ ಸಣ್ಣಗಾಗಿದ್ದರೆ, ನಡುವಿನ ತಂತಿ ಕಂಡರೆ, ಬದಲಾಯಿಸಿ. ಸುಣ್ಣ ಗಟ್ಟಿಯಾಗಿ ಸುತ್ತಿಕೊಂಡಿದ್ದರೂ ಬದಲಾಯಿಸಿ, ಯಾಕೆಂದರೆ ಆಗ ಅದಕ್ಕೆ ನೀರೇ ಸರಿಯಾಗಿ ತಾಗುವುದಿಲ್ಲ. ಇನ್ನೊಂದು ವಿಷಯಕ್ಕೆ ಜನ ಮೋಸ ಹೋಗುತ್ತಾರೆ: ಮೂರು ವರ್ಷವಾದರೂ ರಾಡ್ ಹೊಸದರಂತೆ ನುಣ್ಣಗಿದ್ದರೆ ಖುಷಿಪಡುತ್ತಾರೆ. ಅದು ಖುಷಿಪಡುವ ವಿಷಯವೇ ಅಲ್ಲ! ಹೆಚ್ಚಾಗಿ ರಾಡಿಗೂ ಟ್ಯಾಂಕಿಗೂ ಸಂಪರ್ಕ ತಪ್ಪಿರುತ್ತದೆ, ರಾಡ್ ಸವೆಯದೆ ಟ್ಯಾಂಕ್ ಸವೆಯುತ್ತಿರುತ್ತದೆ.

ಹೊಸದು ತರಲು ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ತಿರುಗಿಸಿ ಕೂರಿಸುವ ಮರೆ (ಥ್ರೆಡ್) ಒಂದೇ ಇರಬೇಕು, ಉದ್ದ ಜಾಸ್ತಿಯಾದರೆ ಕಾಯಿಲ್‌ಗೆ ತಾಗುತ್ತದೆ. ಹೆಸರಿಲ್ಲದ ಅಗ್ಗದ ರಾಡ್ ಬೇಡ, ಮೆಗ್ನೀಷಿಯಂ ಅಂತ ಹೇಳಿ ಅಲ್ಯೂಮಿನಿಯಂ ಕೊಟ್ಟರೂ ಕೊಡಬಹುದು. ಅನುಮಾನವಿದ್ದರೆ ರಾಡನ್ನು ಒಂದು ಕಡೆ ಉಜ್ಜಿ, ಹೊಳಪು ಬಂದ ಜಾಗಕ್ಕೆ ಒಂದು ಹನಿ ವಿನೆಗರ್ ಬಿಡಿ. ಮೆಗ್ನೀಷಿಯಂ ಆದರೆ ಆಗಲೇ ಗುಳ್ಳೆ ಏಳುತ್ತದೆ.

ಕೂರಿಸುವಾಗ ಮರೆಗೆ ಟೆಫ್ಲಾನ್ ಟೇಪ್ ಸುತ್ತುವುದು ಕೆಲವರ ಅಭ್ಯಾಸ. ದಯವಿಟ್ಟು ಸುತ್ತಬೇಡಿ. ಲೋಹಕ್ಕೆ ಲೋಹ ತಾಗಿದರೆ ಮಾತ್ರ ಈ ಉಪಾಯ ನಡೆಯುತ್ತದೆ. ಮರೆಯ ಜಾಗದ ಸುಣ್ಣ, ತುಕ್ಕು ಉಜ್ಜಿ ತೆಗೆದು ಬಿಗಿಯಾಗಿ ತಿರುಗಿಸಿ. ಹಳೆಯದಕ್ಕೆ ವೈರ್ ಅಥವಾ ಪ್ಲಾಸ್ಟಿಕ್ ಬುಶ್ ಇತ್ತು ಅಂದರೆ ಅದು ಹೇಗಿತ್ತೋ ಹಾಗೇ ಹಾಕಿ.

ಕಾಯಿಲ್ ಶುದ್ಧ ಮಾಡಲು ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವವರನ್ನು ನೋಡಿದ್ದೇನೆ. ಸುಣ್ಣ ಎರಡು ನಿಮಿಷದಲ್ಲಿ ಹೋಗುತ್ತದೆ ನಿಜ, ಜೊತೆಗೆ ಲೋಹವನ್ನೂ ತಿನ್ನುತ್ತದೆ. ನನ್ನ ಆಯ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ಹಾಕಿ, ಕಾಯಿಲನ್ನು ಮಾತ್ರ ಒಂದು ಗಂಟೆ ಮುಳುಗಿಸಿ, ವೈರ್ ಕೂಡುವ ತುದಿಗಳು ಒದ್ದೆಯಾಗದಂತೆ ನೋಡಿಕೊಳ್ಳಿ. ಟ್ಯಾಂಕ್ ಒಳಗೆ ತಂತಿ ಬ್ರಶ್ ಹಾಕಬೇಡಿ, ಬಟ್ಟೆ ಸಾಕು.

ವಾಷರ್ ಹೊಸದೇ ಹಾಕಿ. ನಟ್‌ಗಳನ್ನು ಕಾರಿನ ಚಕ್ರಕ್ಕೆ ಬಿಗಿಯುವ ಹಾಗೆ ಎದುರುಬದುರು, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಬಿಚ್ಚಿದ ವಾಲ್ವ್, ಪೈಪ್ ಹಾಕಿ ನೀರು ಬಿಡಿ, ಬಿಸಿನೀರಿನ ನಲ್ಲಿ ತೆರೆದೇ ಇರಲಿ. ಬುಸ್ ಬುಸ್ ನಿಂತು ಧಾರೆ ಒಂದೇ ಸಮನೆ ಬರುವವರೆಗೆ ಕಾಯಿರಿ. ಅರ್ಧ ಗಂಟೆ ಬಿಟ್ಟು, ಎಲ್ಲೂ ತೊಟ್ಟಿಕ್ಕುತ್ತಿಲ್ಲ ಅಂತ ನೋಡಿ, ಫೋಟೋ ನೋಡಿಕೊಂಡು ವೈರ್ ಕೂಡಿಸಿ ಮುಚ್ಚಳ ಹಾಕಿದ ಮೇಲೆಯೇ ಎಂಸಿಬಿ ಹಾಕಿ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ.

ಬೋರ್‌ವೆಲ್ ನೀರಾದರೆ ವರ್ಷಕ್ಕೊಮ್ಮೆ, ಕಾವೇರಿ ನೀರಾದರೆ ಎರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಉಪ್ಪು ಹಾಕುವ ಸಾಫ್ಟ್‌ನರ್ ಇರುವವರು ನಿಶ್ಚಿಂತೆಯಿಂದ ಇರಬೇಡಿ. ಸುಣ್ಣ ಕಟ್ಟುವುದಿಲ್ಲ, ಆದರೆ ಆ ನೀರಿನಲ್ಲಿ ರಾಡ್ ಇನ್ನೂ ಬೇಗ ಸವೆಯುತ್ತದೆ. ಮಹಡಿ ಮೇಲಿನ ಸೋಲಾರ್ ಟ್ಯಾಂಕಿನಲ್ಲೂ ಸಾಮಾನ್ಯವಾಗಿ ಇಂಥದೇ ರಾಡ್ ಇರುತ್ತದೆ, ಅದನ್ನಂತೂ ಯಾರೂ ನೆನಪಿಸಿಕೊಳ್ಳುವುದೇ ಇಲ್ಲ. ಬಿಸಿ 60 ಡಿಗ್ರಿ ದಾಟದ ಹಾಗೆ ಇಟ್ಟರೆ ಸುಣ್ಣವೂ ಕಡಿಮೆ, ಸವೆತವೂ ಕಡಿಮೆ.

ಎರಡು ವಾರ ಊರಿಗೆ ಹೋಗಿ ಬಂದವರು ಸ್ವಿಚ್ ಹಾಕುವ ಮುಂಚೆ ಬಿಸಿನೀರಿನ ನಲ್ಲಿಯನ್ನು ಎರಡು ನಿಮಿಷ ಬಿಡಿ. ರಾಡ್ ಸವೆಯುವಾಗ ಹೈಡ್ರೋಜನ್ ಹುಟ್ಟುತ್ತದೆ, ಬಳಸದ ಗೀಸರ್‌ನಲ್ಲಿ ಅದು ಮೇಲೆ ಸೇರಿಕೊಂಡಿರಬಹುದು. ಆ ಹೊತ್ತಿನಲ್ಲಿ ಬಚ್ಚಲಲ್ಲಿ ದೀಪ, ಬೆಂಕಿಕಡ್ಡಿ ಬೇಡ, ಕಿಟಕಿ ತೆರೆದಿರಲಿ.