ಬಾಲ್ ಪೈಥಾನ್‌ಗೆ ಇಲಿ ಕೊಡುವಾಗ ತಲೆ ಬೆಚ್ಚಗಿರಲಿ

ಬಾಲ್ ಪೈಥಾನ್ (ಒಂದು ಜಾತಿಯ ಚಿಕ್ಕ ಹೆಬ್ಬಾವು) ಸಾಕಿರುವವರು ಹೀಗೆ ಮಾಡಿ ನೋಡಿ: ಫ್ರೀಜರ್‌ನಲ್ಲಿಟ್ಟ ಇಲಿಯನ್ನು ಪೂರ್ತಿ ಕರಗಿಸಿ, ಕೊಡುವ ಮುಂಚೆ ತಲೆಯನ್ನಷ್ಟೇ ಅರ್ಧ ನಿಮಿಷ ಬಿಸಿ ನೀರಲ್ಲಿ ಅದ್ದಿ (ಕುದಿಯುವ ನೀರು ಬೇಡ), ಒರೆಸಿ, ಉದ್ದನೆ ಚಿಮಟದಲ್ಲಿ ಸೊಂಟ ಹಿಡಿದು ತಲೆ ಹಾವಿನ ಕಡೆ ಮಾಡಿ. ಈ ಹಾವಿನ ತುಟಿಯಲ್ಲಿ ಶಾಖ ಗುರುತಿಸುವ ಸಣ್ಣ ಗುಳಿಗಳಿವೆ, ಬಿಸಿ ಜಾಸ್ತಿ ಇರುವ ಕಡೆಗೇ ಬಾಯಿ ಹಾಕುತ್ತದೆ. ಇಡೀ ಇಲಿ ಒಂದೇ ಬಿಸಿ ಇದ್ದರೆ ಹೊಟ್ಟೆಯನ್ನೋ ಬಾಲವನ್ನೋ, ಕೆಲವೊಮ್ಮೆ ನಮ್ಮ ಬೆರಳನ್ನೋ ಕಚ್ಚಿಬಿಟ್ಟು, ಆಮೇಲೆ ತಲೆ ಎಲ್ಲಿದೆ ಅಂತ ಹುಡುಕುತ್ತಾ ಒದ್ದಾಡುತ್ತದೆ, ಪಾಪ. ತಲೆಯಿಂದ ನುಂಗಿದರೆ ಕಾಲು ಹಿಂದಕ್ಕೆ ಮಡಚಿಕೊಂಡು ಸಲೀಸಾಗಿ ಒಳಗೆ ಹೋಗುತ್ತದೆ. ಆದರೆ ನಮ್ಮ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಇದು ನಡೆಯಲ್ಲ. ಹೊರಗೆ 40 ಡಿಗ್ರಿ ದಾಟಿ ಗೋಡೆಯೇ ಕಾದಿರುವಾಗ ಇಲಿಯ ಬಿಸಿ ಬೇರೆಯಾಗಿ ಗೊತ್ತಾಗುವುದು ಕಷ್ಟ, ಅಲ್ವಾ? ರಾತ್ರಿ ಕೋಣೆ ತಣ್ಣಗಾದ ಮೇಲೆ ಕೊಡಿ. ಕಣ್ಣು ಮಂಜಾಗಿ ಪೊರೆ ಬಿಡುವ ಹೊತ್ತಿನಲ್ಲಿ ಸುಮ್ನೆ ಒತ್ತಾಯ ಮಾಡಬೇಡಿ. ಕಾರ್ನ್ ಸ್ನೇಕ್ ಅನ್ನೋ ಇನ್ನೊಂದು ಸಾಕು ಹಾವಿಗೆ ಈ ಗುಳಿಗಳೇ ಇಲ್ಲ, ಅದು ವಾಸನೆಯನ್ನೇ ಜಾಸ್ತಿ ನಂಬುತ್ತದೆ, ಹಾಗಾಗಿ ಅದಕ್ಕೆ ಇದರಿಂದ ಅಷ್ಟು ಉಪಯೋಗವಿಲ್ಲ. ಹೊಲದಲ್ಲಿ ಸಿಗುವ ಕೇರೆ ಹಾವನ್ನಂತೂ ತಂದು ಸಾಕಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.