ಹಳೇ ಪೇಂಟ್ ಸಂಗ್ರಹಿಸುವಾಗ ಡ್ರಮ್ ಮುಂದೆ ಒಂದು ಮೇಜು ಹಾಕಿ

ದೀಪಾವಳಿಗೆ ಮುಂಚೆ ಪುಣೆಯ ವಸತಿ ಸೊಸೈಟಿಗಳಲ್ಲಿ ಹಳೇ ಪೇಂಟ್ ಸಂಗ್ರಹಿಸುವವರು ಡ್ರಮ್ಮನ್ನು ಗೇಟಿನ ಹತ್ತಿರ ಸುಮ್ನೆ ಇಟ್ಟುಬಿಡಬೇಡಿ, ಮುಂದೆ ಒಂದು ಮೇಜು ಹಾಕಿ ಒಬ್ಬರನ್ನು ಕೂರಿಸಿ, ತಂದವರು ಡಬ್ಬಿಯನ್ನು ಮೇಜಿನ ಮೇಲಿಡಲಿ, ಡ್ರಮ್ಮಿಗೆ ಹಾಕುವುದು ಕೂತವರು ಮಾತ್ರ. ಲೇಬಲ್ ಇರುವ, ಮುಚ್ಚಳ ಭದ್ರವಾಗಿರುವ ಡಬ್ಬಿಯನ್ನಷ್ಟೇ ತಗೊಳ್ಳಿ. ನೀರಿನ ಬಾಟಲಿಯಲ್ಲಿ ತಂದದ್ದು ಬೇಡವೇ ಬೇಡ, ಅದು ಪೇಂಟ್ ತೆಳು ಮಾಡುವ ಥಿನ್ನರ್ರೋ ಟರ್ಪೆಂಟೈನೋ ಯಾರಿಗೆ ಗೊತ್ತು! ಎರಡೂ ಬೇಗ ಬೆಂಕಿ ಹಿಡಿಯುತ್ತವೆ, ಎಮಲ್ಶನ್ (ನೀರಿನಲ್ಲಿ ಬೆರೆಯುವ ಗೋಡೆ ಪೇಂಟ್) ಜೊತೆ ಬೆರೆತರೆ ಮತ್ತೆ ಬೇರೆ ಮಾಡಲು ಆಗಲ್ಲ, ಇಡೀ ಡ್ರಮ್ ಹಾಳು. ಡಬ್ಬಿ ಮೇಲೆ ಅನುಮಾನವೇ? ಒಂದು ತೊಟ್ಟನ್ನು ನೀರಿನ ಲೋಟಕ್ಕೆ ಹಾಕಿ ಕಲಕಿ. ಎಮಲ್ಶನ್ ಹಾಲಿನ ಹಾಗೆ ಕರಗಿಕೊಳ್ಳುತ್ತದೆ, ಆಯಿಲ್ ಪೇಂಟ್ ನೀರಿಗೆ ಸೇರಲ್ಲ. ಒಣಗಿ ಗಟ್ಟಿಯಾದ ಪೇಂಟಿಗೆ ಮಾತ್ರ ಈ ಪರೀಕ್ಷೆ ನಡೆಯಲ್ಲ. ಜಿರಳೆ ಔಷಧಿ ಡಬ್ಬಿ, ಟ್ಯೂಬ್‌ಲೈಟ್, ಬ್ಯಾಟರಿ ತಂದರೆ ಮೇಜಿನಲ್ಲೇ ವಾಪಸ್ ಕೊಡಿ, ಇವೂ ಮನೆಯ ಅಪಾಯಕಾರಿ ಕಸವೇ, ಆದರೆ ಪೇಂಟ್ ಡ್ರಮ್ಮಿಗೆ ಸೇರಿದ್ದಲ್ಲ. ಈ ಉಪಾಯ ಕೈಕೊಡುವುದು ರಾತ್ರಿ ಹೊತ್ತು, ಮೇಜಿನಲ್ಲಿ ಯಾರೂ ಇಲ್ಲದಾಗ ಜನ ಕದ್ದು ಇಟ್ಟು ಹೋಗುತ್ತಾರೆ, ಹಾಗಾಗಿ ಸಂಜೆ ಡ್ರಮ್ಮನ್ನು ಒಳಗೆ ಸೇರಿಸಿ ಬೀಗ ಹಾಕಿಬಿಡಿ.